ಒಂದೇ ಪದದ ಪ್ರಾರ್ಥನೆ

ಕ್ರೈಸ್ತ ಧ್ಯಾನಪರಂಪರೆಯ ಬೇರುಗಳು 4ನೇ ಶತಮಾನದ ಈಜಿಪ್ಟ್ ಮರುಭೂಮಿಯಲ್ಲಿವೆ. ಊರು ತೊರೆದು ನೈಲ್ ನದಿಯ ಆಚೀಚೆ ನೆಲೆಸಿದ ಸನ್ಯಾಸಿಗಳು ಗರಿಗಳಿಂದ ಹಗ್ಗ ಹೊಸೆಯುತ್ತ, ಬುಟ್ಟಿ ಹೆಣೆಯುತ್ತ ಕೀರ್ತನೆಯ ಸಾಲುಗಳನ್ನು ಮೆಲ್ಲಗೆ ಜಪಿಸುತ್ತಿದ್ದರು. ಕೈಗೆ ಕೆಲಸ, ಬಾಯಿಗೆ ವಾಕ್ಯ, ಮನಸ್ಸಿಗೆ ಮೌನ. ಇದೇ ಅವರ ಸಾಧನೆ.

ಅವರಲ್ಲಿ ಕಲಿತ ಜಾನ್ ಕ್ಯಾಸಿಯನ್, 5ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಾರ್ಸೇಲ್‌ನಲ್ಲಿ ನೆಲೆಸಿ ಆ ಉಪದೇಶಗಳನ್ನು ಲ್ಯಾಟಿನ್‌ನಲ್ಲಿ ಬರೆದಿಟ್ಟ. ದೇವರ ನೆರವು ಬೇಡುವ ಒಂದೇ ವಾಕ್ಯವನ್ನು ಸುಖದಲ್ಲೂ ಸಂಕಟದಲ್ಲೂ ಬಿಡದೆ ಜಪಿಸಬೇಕೆಂಬುದು ಅದರ ತಿರುಳು. 14ನೇ ಶತಮಾನದಲ್ಲಿ ಇಂಗ್ಲೆಂಡಿನ ಅನಾಮಧೇಯ ಲೇಖಕನೊಬ್ಬ ‘ದಿ ಕ್ಲೌಡ್ ಆಫ್ ಅನ್‌ನೋಯಿಂಗ್’ ಕೃತಿಯಲ್ಲಿ ವಾಕ್ಯವೂ ಬೇಡ, ಒಂದು ಚಿಕ್ಕ ಪದವೇ ಸಾಕು ಎಂದ. ದೇವರು ಬುದ್ಧಿಗೆ ನಿಲುಕದವನು, ಪ್ರೀತಿಗೆ ಮಾತ್ರ ಸಿಗುವವನು ಎಂಬುದು ಅವನ ನಿಲುವು.

ಮುಂದೆ ಈ ಸಾಧನೆ ಬಹುಮಟ್ಟಿಗೆ ಮಠಗಳೊಳಗೇ ಉಳಿಯಿತು. ಅದನ್ನು ಗೃಹಸ್ಥರಿಗೂ ತಲುಪಿಸುವ ಪ್ರಯತ್ನ 1970ರ ದಶಕದಲ್ಲಿ ಬಲಗೊಂಡಿತು. ಅಮೆರಿಕದ ಸ್ಪೆನ್ಸರ್‌ನ ಟ್ರ್ಯಾಪಿಸ್ಟ್ ಮಠದಲ್ಲಿ ವಿಲಿಯಂ ಮೆನಿಂಗರ್, ಬೇಸಿಲ್ ಪೆನಿಂಗ್ಟನ್ ಮತ್ತು ಥಾಮಸ್ ಕೀಟಿಂಗ್ ‘ಸೆಂಟರಿಂಗ್ ಪ್ರೇಯರ್’ ರೂಪಿಸಿದರು. ಮಲಯಾದಲ್ಲಿ ಹಿಂದೂ ಸ್ವಾಮಿಯೊಬ್ಬರಿಂದ ಮಂತ್ರಧ್ಯಾನ ಕಲಿತಿದ್ದ ಬೆನೆಡಿಕ್ಟೈನ್ ಸನ್ಯಾಸಿ ಜಾನ್ ಮೇನ್, ಅದೇ ದಾರಿಯನ್ನು ಕ್ಯಾಸಿಯನ್‌ನ ಬರಹದಲ್ಲಿ ಕಂಡು, 1975ರಲ್ಲಿ ಲಂಡನ್ನಿನಲ್ಲಿ ಧ್ಯಾನಕೂಟ ಆರಂಭಿಸಿದರು.

ಎರಡೂ ಪದ್ಧತಿಗಳಲ್ಲಿ ದಿನಕ್ಕೆರಡು ಬಾರಿ, ಕನಿಷ್ಠ 20 ನಿಮಿಷ ಕೂರಬೇಕು. ಮೇನ್ ಅವರದರಲ್ಲಿ ಪದವನ್ನು ಉದ್ದಕ್ಕೂ ಜಪಿಸಬೇಕು. ಸ್ಪೆನ್ಸರ್ ಕ್ರಮದಲ್ಲಿ ಮನಸ್ಸು ಅಲೆದಾಗ ಮಾತ್ರ ಅದಕ್ಕೆ ಮರಳಿದರಾಯಿತು.