ಗಾಯ ಮಾಯಿಸುವ ಗಿಡಗಳು: ಬದುವಿನಿಂದ ಪ್ರಯೋಗಾಲಯದವರೆಗೆ

ಅರಸೀಕೆರೆಯ ಒಣ ಬಯಲಿನಿಂದ ಹೊರಟು ಹಳೇಬೀಡನ್ನು ಹಾದು ಬೇಲೂರಿನ ಮಲೆನಾಡಿನ ಅಂಚನ್ನು ಮುಟ್ಟುವಷ್ಟರಲ್ಲಿ ಮಳೆಯ ಪ್ರಮಾಣದೊಂದಿಗೆ ಸಸ್ಯಸಂಪತ್ತೂ ಬದಲಾಗುತ್ತದೆ. ಬೇವು, ತಂಗಡಿ, ಲೋಳೆಸರಗಳ ಸೀಮೆ ಹಿಂದುಳಿದು, ತೇವದ ನೆಲದ ಒಂದೆಲಗ ಹೆಚ್ಚಾಗಿ ಕಾಣತೊಡಗುತ್ತದೆ. ಸೆಸಿಲ್ ಸಲ್ಡಾನಾ ಮತ್ತು ಡ್ಯಾನ್ ನಿಕೋಲ್ಸನ್ ಅವರ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ (1976) ಈ ಜಿಲ್ಲೆಯ ಸಸ್ಯಗಳನ್ನು ಶಾಸ್ತ್ರೀಯವಾಗಿ ಗುರುತಿಸಿಕೊಟ್ಟ ಗ್ರಂಥ. ಅದು ವೈದ್ಯಗ್ರಂಥವಲ್ಲ, ಆದರೂ ಗಿಡದ ಗುರುತು ಖಚಿತವಾಗದೆ ಅದರ ಔಷಧಗುಣದ ಪರೀಕ್ಷೆ ಆರಂಭವಾಗಲಾರದು ಎಂಬ ಕಾರಣಕ್ಕೆ ಇಂತಹ ಕೆಲಸಕ್ಕೆ ಈ ಕ್ಷೇತ್ರದ ಚರಿತ್ರೆಯಲ್ಲಿ ಮೊದಲ ಸ್ಥಾನ ಸಲ್ಲಬೇಕು.

ಗಾಯವಾದೊಡನೆ ರಕ್ತ ಹೆಪ್ಪುಗಟ್ಟುತ್ತದೆ, ಬಳಿಕ ಉರಿಯೂತದ ಹಂತದಲ್ಲಿ ಬಿಳಿ ರಕ್ತಕಣಗಳು ಸತ್ತ ಜೀವಕೋಶಗಳನ್ನೂ ಸೂಕ್ಷ್ಮಾಣುಗಳನ್ನೂ ತೆಗೆದುಹಾಕುತ್ತವೆ. ಅನಂತರ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಚರ್ಮಕ್ಕೆ ಗಟ್ಟಿತನ ಕೊಡುವ ಕೊಲ್ಯಾಜನ್ ಎಂಬ ನಾರುರೂಪದ ಪ್ರೋಟೀನನ್ನು ಹೆಣೆಯುತ್ತವೆ, ಕೊನೆಗೆ ಆ ನಾರುಗಳು ತಿಂಗಳುಗಟ್ಟಲೆ ಮರುಜೋಡಣೆಗೊಂಡು ಕಲೆ ಗಟ್ಟಿಯಾಗುತ್ತದೆ. ಸಸ್ಯಜನ್ಯ ಸಂಯುಕ್ತಗಳ ಅಧ್ಯಯನವೆಂದರೆ, ಯಾವ ವಸ್ತು ಇವುಗಳಲ್ಲಿ ಯಾವ ಹಂತಕ್ಕೆ ನೆರವಾಗುತ್ತದೆ ಎಂಬುದರ ಶೋಧ.

ಸುಶ್ರುತಸಂಹಿತೆ ವ್ರಣಚಿಕಿತ್ಸೆಗೆ ಅರವತ್ತು ಉಪಕ್ರಮಗಳನ್ನು ಹೇಳಿದ್ದರೂ ಆಧುನಿಕ ಮಾಪನಗಳ ಮೂಲಕ ಈ ಸಸ್ಯಗಳನ್ನು ಒರೆಗೆ ಹಚ್ಚಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಹೊಲದ ಬದುಗಳಲ್ಲಿ ನೆಲಕ್ಕೆ ಹರಡಿ, ಉದ್ದ ತೊಟ್ಟಿನ ತುದಿಯಲ್ಲಿ ಪುಟ್ಟ ಹೂ ಬಿಡುವ ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಉಷ್ಣವಲಯದ ಅಮೆರಿಕದಿಂದ ಬಂದ ಈ ಕಳೆಯ ಸೊಪ್ಪನ್ನು ಅರೆದು ಗಾಯಕ್ಕೆ ಹಚ್ಚುವ ರೂಢಿ ನಾಡಿನ ಹಲವೆಡೆ ಇದೆ. 1980ರ ದಶಕದ ಆರಂಭದಲ್ಲಿ ಭಾರತೀಯ ಸಂಶೋಧಕರು ಇಲಿಗಳ ಮೇಲೆ ಇದನ್ನು ಪರೀಕ್ಷಿಸಿ, ಸ್ಟೀರಾಯ್ಡಿನಿಂದ ಕುಂಠಿತವಾಗಿದ್ದ ಗಾಯದ ಬಲವರ್ಧನೆಯನ್ನು ಇದರ ಸಾರ ಸರಿಪಡಿಸುತ್ತದೆಂದು ವರದಿ ಮಾಡಿದರು. 1991ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉಡುಪ ಮತ್ತು ಕುಲಕರ್ಣಿ ಅವರ ತಂಡ, ಕೊಲ್ಯಾಜನ್ ನಾರುಗಳನ್ನು ಪರಸ್ಪರ ಬೆಸೆಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವದ ಮೇಲೆ ಇದೇ ಗಿಡದ ಪ್ರಭಾವವನ್ನು ಅಳೆಯಿತು. ಗಾಯ ಮಾಯಿತೇ ಎಂಬ ಪ್ರಶ್ನೆ ಹೇಗೆ ಮಾಯಿತು ಎಂಬ ಪ್ರಶ್ನೆಗೆ ದಾರಿಬಿಟ್ಟದ್ದು ಇಂತಹ ಕೆಲಸಗಳಿಂದ.

ಇಡೀ ಗಿಡದ ಸಾರದಿಂದ ಶುದ್ಧ ಸಂಯುಕ್ತದ ಕಡೆಗೆ ಸಾಗಿದ ದಾರಿಯಲ್ಲಿ ಒಂದೆಲಗದ ಪಾಲು ದೊಡ್ಡದು. ಅದರಿಂದ 1941ರಲ್ಲಿ ಬೇರ್ಪಡಿಸಲಾದ ಏಷ್ಯಾಟಿಕೋಸೈಡ್‌ನ ಶೇ. 0.2ರ ದ್ರಾವಣವನ್ನು ಗಿನಿಯಿಲಿಗಳ ಗಾಯಕ್ಕೆ ಹಚ್ಚಿದಾಗ, ಕೊಲ್ಯಾಜನ್ ಪ್ರಮಾಣವನ್ನು ಸೂಚಿಸುವ ಹೈಡ್ರಾಕ್ಸಿಪ್ರೊಲೀನ್ ಶೇ. 56ರಷ್ಟೂ ಚರ್ಮದ ಎಳೆತ ತಡೆಯುವ ಶಕ್ತಿ ಶೇ. 57ರಷ್ಟೂ ಹೆಚ್ಚಿದವೆಂದು 1999ರ ಭಾರತೀಯ ಅಧ್ಯಯನವೊಂದು ತೋರಿಸಿತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ತಂಡ 2007ರಲ್ಲಿ ವಾಯುವಿಳಂಗದ ಎಲೆಯಿಂದ ಎಂಬೆಲಿನ್ ಎಂಬ ಸಂಯುಕ್ತವನ್ನು ಬೇರ್ಪಡಿಸಿ ಅದರ ಗಾಯ ಮಾಯಿಸುವ ಗುಣವನ್ನು ಪ್ರಕಟಿಸಿತು. ಅರಿಶಿನದ ವಿಷಯ ನ್ಯಾಯದ ಪ್ರಶ್ನೆಯಾಗಿಯೂ ಬೆಳೆಯಿತು: ಗಾಯಕ್ಕೆ ಅರಿಶಿನ ಬಳಸುವ ವಿಧಾನಕ್ಕೆ ಅಮೆರಿಕ 1995ರಲ್ಲಿ ನೀಡಿದ್ದ ಪೇಟೆಂಟನ್ನು, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಹಳೆಯ ಲಿಖಿತ ಆಧಾರಗಳನ್ನು ಮುಂದಿಟ್ಟು ಪ್ರಶ್ನಿಸಿದ್ದರಿಂದ, 1997ರಲ್ಲಿ ರದ್ದುಪಡಿಸಲಾಯಿತು.

ಆದರೆ ಇಲಿಯ ಚರ್ಮದ ಅಡಿಯಲ್ಲಿರುವ ಸ್ನಾಯುಪದರದ ಬಲದಿಂದ ಅದರ ಗಾಯ ಬಹುಮಟ್ಟಿಗೆ ಕುಗ್ಗಿ ಮುಚ್ಚಿಕೊಳ್ಳುತ್ತದೆ, ಮನುಷ್ಯನ ಗಾಯವಾದರೋ ಹೊಸ ಅಂಗಾಂಶ ತುಂಬಿ, ಮೇಲೆ ಹೊಸ ಚರ್ಮ ಹರಡಿ ಮಾಯುತ್ತದೆ. ಆದ್ದರಿಂದ ಇಲಿಯಲ್ಲಿ ಕಂಡ ಫಲ ಮನುಷ್ಯನಲ್ಲಿಯೂ ಸಿಗುತ್ತದೆಂದು ಭಾವಿಸಲಾಗದು, ಮತ್ತು ಈ ಕ್ಷೇತ್ರದ ನಿಜವಾದ ಕೊರತೆ ಇರುವುದೂ ಇಲ್ಲಿಯೇ. ಬರ್ಚ್ ಮರದ ತೊಗಟೆಯ ಬೆಟುಲಿನ್ ಮೊದಲಾದ ಸಂಯುಕ್ತಗಳ ಮುಲಾಮು ಈ ಕೊರತೆಯನ್ನು ದಾಟಿದ ವಿರಳ ಉದಾಹರಣೆ. ಮುಟ್ಟಿದರೆ ಚರ್ಮ ಬೊಬ್ಬೆಯೇಳುವ ಆನುವಂಶಿಕ ಕಾಯಿಲೆಯ 223 ರೋಗಿಗಳ ಮೇಲಿನ ಪರೀಕ್ಷೆಯಲ್ಲಿ, 45 ದಿನಗಳೊಳಗೆ ಗಾಯ ಮುಚ್ಚಿದವರು ಮುಲಾಮು ಪಡೆದವರಲ್ಲಿ ಶೇ. 41.3, ಪಡೆಯದವರಲ್ಲಿ ಶೇ. 28.9. ಅಮೆರಿಕ ಇದನ್ನು 2023ರಲ್ಲಿ ಅಂಗೀಕರಿಸಿತು.

ಅಂತಹ ಪರೀಕ್ಷೆ ನಡೆಯುವವರೆಗೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಅಥವಾ ಮಣ್ಣು ಸೋಕಿದ ಆಳವಾದ ಗಾಯಕ್ಕೆ ಹಸಿ ಸೊಪ್ಪಿನ ರಸವನ್ನಷ್ಟೇ ನಂಬುವುದು ಅಪಾಯ, ಧನುರ್ವಾಯುವಿನ ಚುಚ್ಚುಮದ್ದು ಮತ್ತು ವೈದ್ಯರ ಆರೈಕೆ ಅಗತ್ಯ. ಹಾಸನದಲ್ಲಿ ಆಯುರ್ವೇದ ಕಾಲೇಜೂ ಸರ್ಕಾರಿ ವೈದ್ಯಕೀಯ ಸಂಸ್ಥೆಯೂ ಇವೆ. ಅವೆರಡೂ ಕೂಡಿ ಒಂದೆಲಗದಂತಹ ಒಂದೇ ಗಿಡವನ್ನು ಆರಿಸಿಕೊಂಡು, ಅದರ ಸಾರದ ಪ್ರಮಾಣವನ್ನು ನಿಗದಿಪಡಿಸಿ, ಒಪ್ಪಿಗೆ ಕೊಟ್ಟ ರೋಗಿಗಳಲ್ಲಿ ಶಿಸ್ತಿನಿಂದ ಪರೀಕ್ಷಿಸಲಿ.