ಸೂಜಿ, ಮಗು, ಅಮ್ಮನ ಮಡಿಲು

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಆರು ವಾರ ತುಂಬಿದಾಗ, ಸರ್ಕಾರಿ ಲಸಿಕಾ ಪಟ್ಟಿಯಂತೆ ಒಂದೇ ದಿನ ಮೂರು ಸೂಜಿ. ಎಡತೊಡೆಗೆ ಐದು ರೋಗ ತಡೆಯುವ ಪೆಂಟಾವಲೆಂಟ್, ಬಲತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ, ಬಲತೋಳಿನ ಚರ್ಮದೊಳಕ್ಕೆ ಪೋಲಿಯೊ ಲಸಿಕೆ. ಹದಿನಾಲ್ಕನೇ ವಾರ ಮತ್ತೆ ಇಷ್ಟೇ. ಸಿಸ್ಟರ್ ತಾಯಿ ಕಾರ್ಡ್‌ನಲ್ಲಿ ತಾರೀಖು ಬರೆಯುತ್ತಾರೆ, ಜ್ವರ ಬಂದರೆ ಏನು ಮಾಡಬೇಕೆಂದು ಹೇಳುತ್ತಾರೆ. ಮಗುವಿನ ಅಳು ಮಾತ್ರ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಆ ಅಳುವನ್ನು ವೈದ್ಯಲೋಕ ಲೆಕ್ಕಕ್ಕೆ ತೆಗೆದುಕೊಂಡಿದ್ದೇ ತಡವಾಗಿ. ಹಸುಗೂಸಿನ ನರಗಳು ಬಲಿತಿಲ್ಲ, ಅದಕ್ಕೆ ನೋವು ತಿಳಿಯದು ಎಂಬ ನಂಬಿಕೆ 1980ರ ದಶಕದವರೆಗೂ ಗಟ್ಟಿಯಾಗಿತ್ತು. ಎಳೆಗೂಸುಗಳಿಗೆ ತೀರಾ ಕಡಿಮೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ನಡೆಸುವುದೂ ಇತ್ತು. ಆ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಮುಖ್ಯರು ಇಂದೋರ್‌ನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋದ ಕೆ.ಜೆ.ಎಸ್. ಆನಂದ್. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಫೆಂಟನಿಲ್ ಎಂಬ ನೋವುನಿವಾರಕ ಕೊಟ್ಟರೆ ದೇಹದ ಒತ್ತಡದ ಹಾರ್ಮೋನುಗಳು ತಗ್ಗುತ್ತವೆ ಎಂದು ಅವರ ತಂಡ 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತೋರಿಸಿತು.

ಹತ್ತು ವರ್ಷದ ಬಳಿಕ ಕೆನಡಾದ ಆನಾ ಟಾಡಿಯೊ ಇನ್ನೊಂದು ಹೆಜ್ಜೆ ಮುಂದಿಟ್ಟರು. ಹುಟ್ಟಿದಾಗ ನೋವುನಿವಾರಕವಿಲ್ಲದೆ ಸುನ್ನತಿಯಾಗಿದ್ದ ಗಂಡುಮಕ್ಕಳು ತಿಂಗಳುಗಳ ನಂತರ ಲಸಿಕೆಯ ಸೂಜಿಗೂ ಹೆಚ್ಚು ನೋವು ತೋರಿದ್ದನ್ನು ಅವರು ದಾಖಲಿಸಿದರು. 'ಕೂಸಲ್ವಾ, ಮರೆತುಬಿಡುತ್ತೆ' ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಮದ್ದು ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಅಗ್ಗದ ವಸ್ತುಗಳೇ. ನಾಲಿಗೆಗೆ ನಾಲ್ಕು ಹನಿ ಸಕ್ಕರೆ ನೀರು ಬಿದ್ದರೆ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗ ಕೂಸು ಕಡಿಮೆ ಅಳುತ್ತದೆ ಎಂದು 1991ರಲ್ಲಿ ಗೊತ್ತಾಯಿತು. (ಸಕ್ಕರೆ ಬದಲು ಜೇನು ನೆಕ್ಕಿಸುವುದು ಬೇಡ, ವರ್ಷದೊಳಗಿನ ಮಗುವಿಗೆ ಅದು ಅಪಾಯ.) ಎದೆಹಾಲು ಕುಡಿಸುತ್ತಲೇ ಚುಚ್ಚಿದರೂ, ಬರಿಮೈಗೆ ಬರಿಮೈ ತಾಗಿಸಿ ಅಪ್ಪಿಕೊಂಡರೂ ನೋವು ತಗ್ಗುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತಿತರರು ಸರ್ಕಾರದ ಜತೆ ಸೇರಿ ಇಂಥ ಅಪ್ಪುಗೆಯ ಕಾಂಗರೂ ಆರೈಕೆಯನ್ನು ಊರೂರಿಗೆ ಹರಡಿದ್ದು ಕಡಿಮೆ ತೂಕದ ಕೂಸುಗಳು ಬದುಕಲಿ ಎಂದು. ಸೂಜಿಯ ನೋವಿಗೂ ಅದೇ ಅಪ್ಪುಗೆ ಒದಗುತ್ತದೆ.

ಇಂಥ ಅಧ್ಯಯನಗಳನ್ನೆಲ್ಲ ನೋಡಿ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತನ್ನ ನಿಲುವು ಪ್ರಕಟಿಸಿತು. ಕೂಸನ್ನು ಮಲಗಿಸಿ ಒತ್ತಿ ಹಿಡಿಯಬೇಡಿ, ಮಡಿಲಲ್ಲಿ ಕೂರಿಸಿ. ಸೂಜಿ ಒಳಹೊಕ್ಕ ಮೇಲೆ ರಕ್ತ ಬರುತ್ತದೆಯೇ ಎಂದು ಪಿಸ್ಟನ್ ಹಿಂದಕ್ಕೆಳೆದು ನೋಡಬೇಡಿ. ಹೆಚ್ಚು ನೋಯುವ ಲಸಿಕೆ ಕೊನೆಗಿರಲಿ. ಮುಖ್ಯವಾಗಿ, ಹೆತ್ತವರು ಪಕ್ಕದಲ್ಲೇ ಇರಲಿ. ಇದಾವುದಕ್ಕೂ ದುಡ್ಡು ಬೇಕಿಲ್ಲ. ಹಾಗಿದ್ದೂ 'ಅಮ್ಮ ಹೊರಗಿರಲಿ' ಎನ್ನುವ ರೂಢಿ ಇನ್ನೂ ಅಳಿಯದಿರುವುದು ಸಂಕಟದ ಸಂಗತಿ.

ತುಸು ದೊಡ್ಡ ಮಕ್ಕಳಲ್ಲಿ ನೋವಿಗಿಂತ ಭಯವೇ ಮುಂದು. 'ಊಟ ಮಾಡ್ದಿದ್ರೆ ಡಾಕ್ಟ್ರ ಹತ್ರ ಸೂಜಿ ಹಾಕಿಸ್ತೀನಿ' ಎಂದು ಹೆದರಿಸಿ ಬೆಳೆಸಿದ ಮನೆಯೇ ಆ ಭಯವನ್ನು ಬಿತ್ತಿರುತ್ತದೆ. 'ನೋವೇ ಆಗಲ್ಲ' ಎಂಬ ಸುಳ್ಳು ಅದಕ್ಕೆ ನೀರೆರೆಯುತ್ತದೆ. ಸ್ವಲ್ಪ ಚುರ್ ಅನ್ನುತ್ತದೆ ಎಂದು ನಿಜ ಹೇಳಿ, ಗುಳ್ಳೆ ಊದಿಸುವುದೋ ಕಥೆ ಹೇಳುವುದೋ ಮಾಡಿ ಗಮನ ಬೇರೆಡೆ ಸೆಳೆದರೆ ಫಲವಿದೆ.

ಚರ್ಮ ಮರಗಟ್ಟಿಸುವ ಲಿಡೊಕೇನ್-ಪ್ರಿಲೊಕೇನ್ ಮುಲಾಮು 1980ರ ದಶಕದಲ್ಲಿ ಸ್ವೀಡನ್‌ನಿಂದ ಬಂತು. ಹಚ್ಚಿ ಸುಮಾರು ಒಂದು ಗಂಟೆ ಕಾಯಬೇಕು. ಲಸಿಕೆ ದಿನದ ನೂಕುನುಗ್ಗಲಿನಲ್ಲಿ ಆ ಬಿಡುವು ಸಿಗುವುದು ಕಷ್ಟ. ಆದರೆ ಥಲಸ್ಸೀಮಿಯಾ ಮಕ್ಕಳ ಮಾತು ಬೇರೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಜೀವನಪೂರ್ತಿ ರಕ್ತ ಏರಿಸಿಕೊಳ್ಳುವ ಇವರು ಡೇ ಕೇರ್ ಕೇಂದ್ರದಲ್ಲಿ ಅರ್ಧ ದಿನ ಹೇಗೂ ಕಳೆಯುತ್ತಾರೆ. ಚುಚ್ಚಿ ಚುಚ್ಚಿ ರಕ್ತನಾಳ ಸಿಗದಂತಾದ ಆ ಕೈಗಳಿಗೆ ಮನೆಯಿಂದ ಹೊರಡುವಾಗಲೇ ಮುಲಾಮು ಹಚ್ಚಿ ಕರೆತರಬಹುದು.