ಸ್ತ್ರೀವಾದಿ ಛಾಯಾಗ್ರಹಣ ಮತ್ತು ಮಹಿಳಾ ಪ್ರಕಾಶನ (ಭಾರತ)

ಹೆಂಗಸರ ಬದುಕನ್ನು ಹೆಂಗಸರೇ ಚಿತ್ರವಾಗಿಸುವ, ಅಚ್ಚು ಹಾಕಿಸಿ ಹಂಚುವ ಕೆಲಸಗಳು ಭಾರತದಲ್ಲಿ ಬೇರೆಬೇರೆಯಾಗಿ ಬೆಳೆದು, 1980ರ ದಶಕದ ದೆಹಲಿಯಲ್ಲಿ ಒಂದಕ್ಕೊಂದು ಹತ್ತಿರ ಬಂದವು. ಇವೆರಡರಲ್ಲಿ ಅಚ್ಚಿನ ಕೆಲಸ ಹಳೆಯದು. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ (1887–1982) 'ಸತೀಹಿತೈಷಿಣೀ' ಗ್ರಂಥಮಾಲೆ ಕಟ್ಟಿ ತಮ್ಮ ಕಾದಂಬರಿಗಳನ್ನು ತಾವೇ ಪ್ರಕಟಿಸಿದರು, 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿದರು. ಮಾಲೆಯ ಹೆಸರಿನಲ್ಲಿ 'ಸತಿ' ಇದ್ದ ಮಾತ್ರಕ್ಕೆ ಆ ಸಾಹಸ ಕಿರಿದಾಗದು. ಇತ್ತ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ (1913–2012) ಅವರ ಆರಂಭದ ಚಿತ್ರಗಳು ಬೆಳಕು ಕಂಡಿದ್ದು ಗಂಡನ ಹೆಸರಿನಲ್ಲಿ.

ಮಧು ಕಿಶ್ವರ್ ಮತ್ತು ರುತ್ ವನಿತಾ 1978ರಲ್ಲಿ 'ಮಾನುಷಿ' ಪತ್ರಿಕೆಯನ್ನು ಸ್ಥಾಪಿಸಿದರು. ಊರ್ವಶಿ ಬುಟಾಲಿಯಾ ಮತ್ತು ರಿತು ಮೆನನ್ 1984ರಲ್ಲಿ ತೆರೆದ 'ಕಾಳಿ ಫಾರ್ ವಿಮೆನ್' ದೇಶದ ಮೊದಲ ಸ್ತ್ರೀವಾದಿ ಪ್ರಕಾಶನ. ವಿದ್ವಾಂಸರು ಅದರ ಪಾಂಡಿತ್ಯದ ಗ್ರಂಥಗಳನ್ನೇ ಹೆಚ್ಚು ನೆನೆಯುತ್ತಾರೆ. ಆದರೆ ಅದರ ಗುಣ ತಿಳಿಯಲು 'ಶರೀರ್ ಕೀ ಜಾನ್‌ಕಾರಿ' ನೋಡಬೇಕು. ರಾಜಸ್ಥಾನದ 75 ಮಂದಿ ಹಳ್ಳಿಯ ಹೆಂಗಸರು ಸೇರಿ ಮಾಡಿದ, ಮೈಯ ಬಗೆಗಿನ ಪುಸ್ತಕ ಅದು. ಮೊದಲು ಬೆತ್ತಲೆ ಚಿತ್ರ ಬರೆದು ಊರಿಗೆ ಒಯ್ದಾಗ, ನಮ್ಮಲ್ಲಿ ಹೀಗೆ ಯಾರನ್ನೂ ಕಂಡದ್ದಿಲ್ಲ ಎಂಬ ಆಕ್ಷೇಪ ಬಂತು. ಉಪಾಯವನ್ನೂ ಆ ಹೆಂಗಸರೇ ಹುಡುಕಿದರು: ಚಿತ್ರದ ಹೆಂಗಸಿಗೆ ಘಾಗ್ರಾ ತೊಡಿಸಿ, ಕಾಗದದ ಆ ಲಂಗವನ್ನು ಎತ್ತಿದರೆ ಒಳಗಿನ ಅಂಗಗಳು ಕಾಣುವಂತೆ ಮಾಡಿದರು. ಪುಸ್ತಕದಲ್ಲಿ 75 ಹೆಸರುಗಳೂ ಅಚ್ಚಾದವು.

ತನ್ನ ಚಿತ್ರ ಹೇಗಿರಬೇಕೆಂಬುದನ್ನು ಚಿತ್ರದಲ್ಲಿರುವವಳೇ ಹೇಳಲಿ ಎಂಬ ಈ ಪಟ್ಟನ್ನು ಕ್ಯಾಮೆರಾದಲ್ಲಿ ಹಿಡಿದವರು ಶೀಬಾ ಛಾಛಿ. 1980ರಿಂದ ಅವರು ದೆಹಲಿಯ ವರದಕ್ಷಿಣೆ ವಿರೋಧಿ ಪ್ರತಿಭಟನೆಗಳ ಚಿತ್ರ ತೆಗೆಯುತ್ತಿದ್ದರು, ಸ್ವತಃ ಚಳವಳಿಗಾರ್ತಿಯಾಗಿ. ವರ್ಷಗಳು ಕಳೆದಂತೆ, ಮುಷ್ಟಿ ಎತ್ತಿ ಕೂಗುವ ಹೆಂಗಸಿನ ಚಿತ್ರವೂ ಒಂದು ಅಚ್ಚಿಗೆ ಬಿದ್ದಿದೆ ಎನಿಸಿ ಅವರಿಗೆ ಇರುಸುಮುರುಸಾಯಿತು. 'ಸೆವೆನ್ ಲೈವ್ಸ್ ಅಂಡ್ ಎ ಡ್ರೀಮ್' ಸರಣಿಗಾಗಿ ಏಳು ಮಂದಿ ಸಂಗಾತಿಗಳ ಬಳಿ ಹೋಗಿ, ಎಲ್ಲಿ ಕೂರಬೇಕು, ಹೇಗೆ ಕೂರಬೇಕು, ಸುತ್ತ ಏನಿಡಬೇಕು ಎಂಬುದನ್ನೆಲ್ಲ ಅವರಿಗೇ ಬಿಟ್ಟರು. ವರದಕ್ಷಿಣೆಗೆ ಮಗಳನ್ನು ಕಳೆದುಕೊಂಡು ದಶಕಗಳ ಕಾಲ ಕೋರ್ಟು ಅಲೆದ ಸತ್ಯರಾಣಿ ಛಡ್ಡಾ ಆರಿಸಿಕೊಂಡದ್ದು ಸುಪ್ರೀಂ ಕೋರ್ಟಿನ ಆವರಣವನ್ನು. ಏಳರಲ್ಲಿ ಒಬ್ಬರು ಪ್ರಕಾಶಕಿ ಊರ್ವಶಿ ಬುಟಾಲಿಯಾ. ಪ್ರತಿಭಟನೆಯ ಹಳೆಯ ಚಿತ್ರಗಳನ್ನೂ ಈ ಭಾವಚಿತ್ರಗಳನ್ನೂ ಒಟ್ಟಿಗೇ ನೋಡಬೇಕು. ಬಿಡಿಸಿದರೆ ಅರ್ಧ ಅರ್ಥ ಹೋಗುತ್ತದೆ.

ರಾಧಾ ಕುಮಾರ್ ಬರೆದ ಮಹಿಳಾ ಚಳವಳಿಯ ಸಚಿತ್ರ ಇತಿಹಾಸವನ್ನು ಕಾಳಿ 1993ರಲ್ಲಿ ಹೊರತಂದಿತು. 2003ರಲ್ಲಿ ಸಂಸ್ಥೆ ಒಡೆದು ಬುಟಾಲಿಯಾ ಅವರ 'ಜುಬಾನ್', ಮೆನನ್ ಅವರ 'ವಿಮೆನ್ ಅನ್‌ಲಿಮಿಟೆಡ್' ಹುಟ್ಟಿದವು. ಚಳವಳಿಯ ಪೋಸ್ಟರುಗಳನ್ನು ದೇಶದ ಮೂಲೆಮೂಲೆಯಿಂದ ಕಲೆಹಾಕುವ ಕೆಲಸ ಜುಬಾನ್‌ನದು. ಗೋಡೆಯ ಮೇಲೆ ಮಳೆಗೆ ನೆನೆದು ಹೋಗಬೇಕಿದ್ದ ಕಾಗದಗಳವು; ಹಲವುಗಳ ಮೇಲೆ ಬರೆದವರ ಹೆಸರೇ ಇಲ್ಲ.